ಯರಗಟ್ಟಿಯ ಟಿಕೆಟ್

ಸವದತ್ತಿಯ ಕಾಲೇಜಿನಿಂದ ಮುನವಳ್ಳಿಯ ನಮ್ಮ ಮನೆಗೆ ಬರಲು ನಾನು ಯರಗಟ್ಟಿಯ ಟಿಕೆಟ್ ತೆಗೆಸುತ್ತಿದ್ದೆ. ಯರಗಟ್ಟಿ ನಮ್ಮೂರು ದಾಟಿದ ಮೇಲೆ ಬರುವ ಊರು. ಅಲ್ಲಿ ನನಗೆ ನೆಂಟರಿರಲಿಲ್ಲ, ಕೆಲಸವೂ ಇರಲಿಲ್ಲ. ಆದರೆ ಕಂಡಕ್ಟರು ಎದುರಿಗೆ ಬಂದು ನಿಂತು "ಎಲ್ಲಿಗವಾ?" ಎಂದಾಗ ನನ್ನ ಬಾಯಿಂದ 'ಯ' ಹೊರಡುತ್ತಿತ್ತು, 'ಮ' ಹೊರಡುತ್ತಿರಲಿಲ್ಲ. ತುಟಿಗಳೆರಡೂ ಅಂಟಿಕೊಂಡು ಬಿಡುತ್ತಿದ್ದವು. ಹೀಗಾಗಿ ಬಸ್ ಪಾಸು ಇನ್ನೂ ಕೈಗೆ ಬಾರದಿದ್ದ ಆ ಮೊದಲ ವಾರಗಳಲ್ಲಿ ಯರಗಟ್ಟಿ ಎನ್ನುವುದು, ಮುನವಳ್ಳಿ ಬಂದ ಕೂಡಲೇ ಏನೂ ಗೊತ್ತಿಲ್ಲದವಳಂತೆ ಇಳಿದು ನಡೆಯುವುದು. ಇದೇ ನನ್ನ ದಿನಚರಿಯಾಗಿತ್ತು.

ಉಗ್ಗು ನನಗೆ ಚಿಕ್ಕಂದಿನಿಂದಲೇ ಇತ್ತು. ಉಗ್ಗುವವರು ಮಾತನಾಡುವುದಕ್ಕೆ ಮೊದಲೇ ಎಷ್ಟೋ ಮಾತುಗಳನ್ನು ಒಳಗೇ ಬದಲಿಸಿರುತ್ತಾರೆ ಎಂಬುದು ಉಳಿದವರಿಗೆ ತಿಳಿಯುವುದಿಲ್ಲ. ಕೊಬ್ಬರಿ ತರಲು ಅಂಗಡಿಗೆ ಹೋಗಿ ಶೇಂಗಾ ತಂದವಳು ನಾನು. "ಹೇಳಿದ್ದೇನು, ತಂದಿದ್ದೇನು? ಲಕ್ಷ್ಯ ಎಲ್ಲಿರತೈತಿ ನಿಂದು?" ಎಂದು ಅವ್ವ ಬೈದರೆ ಸುಮ್ಮನೆ ಬೈಸಿಕೊಂಡೆ. ಅಕ್ಕನ ಮದುವೆಗೆ ಕುಪ್ಪಸದ ಬಟ್ಟೆ ಆರಿಸುವಾಗ ನನಗೆ ಬೇಕಾಗಿದ್ದು ಕೆಂಪು. 'ಕ' ಎಂಬಲ್ಲೇ ಸಿಕ್ಕಿಕೊಂಡೆ. ಅಂಗಡಿಯವರು ಒಳ್ಳೆಯ ಮನಸ್ಸಿನಿಂದಲೇ "ಹಸರ ಏನವಾ?" ಎಂದು ಕೇಳಿದರು. ಹೌದೆಂದು ತಲೆಯಾಡಿಸಿಬಿಟ್ಟೆ. ಆ ಮದುವೆಯ ಫೋಟೊಗಳಲ್ಲೆಲ್ಲ ನಾನು ಹಸಿರು ಕುಪ್ಪಸ ತೊಟ್ಟು ಮುಖ ಊದಿಸಿಕೊಂಡು ನಿಂತಿದ್ದೇನೆ.

ಬಂದ ಬೀಗರು ಮಾತ್ರ ಅವ್ವನಿಗೆ "ನಿಮ್ಮ ಸಣ್ಣಾಕಿ ಮಾತು ಭಾಳ ಕಡಿಮಿ, ಶ್ಯಾಣ್ಯಾಕಿ ನೋಡ್ರಿ" ಎಂದು ಹೇಳಿ ಹೋದರು. ನಾನು ಹುಡುಗನಾಗಿದ್ದರೆ ಯಾರಾದರೂ ಡಾಕ್ಟರ ಹತ್ತಿರ ಕರೆದೊಯ್ಯುತ್ತಿದ್ದರೇನೋ. ಹುಡುಗಿ ಸುಮ್ಮನಿದ್ದರೆ ಅದೊಂದು ತೊಂದರೆ ಎಂದು ಯಾರಿಗೆ ಅನಿಸಬೇಕು? ಈ ಸಿಟ್ಟು ನನಗೆ ಇನ್ನೂ ಪೂರ್ತಿ ಇಳಿದಿಲ್ಲ.

ತೊಂಬತ್ತರ ದಶಕದ ನಡುವಿನ ಒಂದು ಜೂನ್ ತಿಂಗಳಲ್ಲಿ ಅಪ್ಪ ನನ್ನನ್ನು ಬಿ.ಎ.ಗೆ ಹಚ್ಚಲು ಸವದತ್ತಿಗೆ ಕರೆದುಕೊಂಡು ಹೋದ. ಆವಶ್ಯಕ ಕನ್ನಡ ಮತ್ತು ಇಂಗ್ಲಿಷ್ ಎಲ್ಲರಿಗೂ ಕಡ್ಡಾಯ. ಅವುಗಳ ಜೊತೆಗೆ ಮೂರು ಐಚ್ಛಿಕ ವಿಷಯಗಳನ್ನು ನಾವೇ ಆರಿಸಬೇಕಿತ್ತು. ನಮ್ಮ ಕಡೆಯ ಹುಡುಗ ಹುಡುಗಿಯರು ಅವನ್ನು ಹೇಗೆ ಆರಿಸುತ್ತಿದ್ದರು ಎಂಬುದೇ ಒಂದು ತಮಾಷೆ. ಅಣ್ಣನ ಹಳೆಯ ಗೈಡುಗಳು ಮನೆಯಲ್ಲಿದ್ದರೆ ತಮ್ಮನಿಗೂ ಅದೇ ವಿಷಯ. ಮಧ್ಯಾಹ್ನದ ಬಸ್ಸಿಗೆ ಊರು ಸೇರಬೇಕಾದವರಿಗೆ ಬೇಗ ಬಿಡುವ ವಿಷಯ. ನನ್ನ ಲೆಕ್ಕ ಇವೆಲ್ಲಕ್ಕಿಂತ ಬೇರೆ. ಯಾವ ತರಗತಿಯಲ್ಲಿ ಎದ್ದು ನಿಂತು ಬಾಯಿ ಬಿಡಬೇಕಾಗಿಲ್ಲವೋ ಅದೇ ನನ್ನ ವಿಷಯವಾಗಿತ್ತು.

ಇತಿಹಾಸ ಮತ್ತು ಸಮಾಜಶಾಸ್ತ್ರದ ತರಗತಿಗಳಲ್ಲಿ ಹುಡುಗರು ಕಿಕ್ಕಿರಿದು ಕೂಡುತ್ತಾರೆ, ಯಾರನ್ನೂ ಯಾರೂ ಕೇಳುವುದಿಲ್ಲ ಎಂದು ಗೊತ್ತಿತ್ತು. ಅವೆರಡನ್ನೂ ಬರೆಸಿದೆ. ಮೂರನೆಯದಕ್ಕೆ ಮನಸ್ಸು ಐಚ್ಛಿಕ ಕನ್ನಡದ ಮೇಲಿತ್ತು. ಪುಡಿಕೆ ಕಟ್ಟಿಕೊಟ್ಟ ಕಾಗದವನ್ನೂ ಬಿಡಿಸಿ ಓದುತ್ತಿದ್ದವಳು ನಾನು. ಕನ್ನಡ ಬಿಟ್ಟರೆ ನನಗೆ ಬೇರೇನು ಇಷ್ಟವಿತ್ತು? ಆದರೆ ಐಚ್ಛಿಕ ಕನ್ನಡಕ್ಕೆ ಬರುವವರು ಕಡಿಮೆ, ಅಲ್ಲಿ ಸರ್ ದಿನಾಲೂ ಒಬ್ಬೊಬ್ಬರನ್ನು ನಿಲ್ಲಿಸಿ ಹಳಗನ್ನಡ ಓದಿಸುತ್ತಾರೆ ಎಂದು ಕೇಳಿದ್ದೆ.

"ಮೂರನೇದು ಯಾವುದವಾ?" ಎಂದು ಗುಮಾಸ್ತರು ಕೇಳಿದರು.

"ಲಗೂ ಹೇಳು, ಹದ ಹೋಗತೈತಿ, ಬಿತ್ತಾಕ ಆಳು ಕಾಯಾಕ ಹತ್ಯಾವ" ಎಂದು ಅಪ್ಪ ಅವಸರ ಮಾಡಿದ.

"ಜಾಗ್ರಫಿ" ಎಂದೆ. ಅದು ಸಲೀಸಾಗಿ ಬಂತು. ನಕ್ಷೆ ಬರೆಯುವುದು, ಬಣ್ಣ ತುಂಬುವುದು, ನಕ್ಷೆಗೆ ಬಾಯಿ ಬೇಕಾಗಿಲ್ಲವಲ್ಲ ಎಂದುಕೊಂಡೆ. ಅಪ್ಪನಿಗೂ ಖುಷಿಯಾಯಿತು.

ಭೂಗೋಳದ ಬಗ್ಗೆ ಈಗಲೂ ನನಗೆ ದೂರಿಲ್ಲ. ಮಲಪ್ರಭೆಯನ್ನು ನೀಲಿ ಪೆನ್ಸಿಲಿನಲ್ಲಿ ಎಳೆಯುವಾಗ ನಮ್ಮೂರ ಪಕ್ಕದ ಆಣೆಕಟ್ಟೆಯ ಹತ್ತಿರ ಸ್ವಲ್ಪ ಒತ್ತಿ ಎಳೆಯುತ್ತಿದ್ದೆ, ಅಷ್ಟೇ. ಎರಡು ವಾರ ನೆಮ್ಮದಿಯಿಂದಿದ್ದೆ. ಆಮೇಲೆ ಮೇಲಿನ ತರಗತಿಯ ಹುಡುಗಿಯೊಬ್ಬಳು, "ಪ್ರಾಕ್ಟಿಕಲ್ ಪರೀಕ್ಷಾದಾಗ ವೈವಾ ಇರತೈತಿ. ಹೊರಗಿನಿಂದ ಬಂದ ಸರ್ ಮುಂದ ಒಬ್ಬಾಕೀನ ಕುಂತು ಅವರು ಕೇಳಿದ್ದಕ್ಕೆಲ್ಲಾ ಬಾಯಿಲೇ ಹೇಳಬೇಕು" ಎಂದಳು. ಮಾತಿಗೆ ಅಂಜಿ ನಾನು ಓಡಿ ಬಂದು ಅವಿತ ಕೋಣೆಯೊಳಗೇ ಮಾತು ಮೊದಲೇ ಬಂದು ಕುಳಿತಿತ್ತು. ಅಂದು ರಾತ್ರಿ ಊಟ ಸೇರಲಿಲ್ಲ.

ಅದೇ ವಾರ ಆವಶ್ಯಕ ಕನ್ನಡದ ತರಗತಿಯಲ್ಲಿ ಒಂದು ಘಟನೆ ನಡೆಯಿತು. ಅದೂ ಅದೇ ಕನ್ನಡದ ಸರ್ ಅವರ ತರಗತಿ. ಆದರೆ ಕಡ್ಡಾಯದ ವಿಷಯವಾದ್ದರಿಂದ ಕೋಣೆ ತುಂಬ ಜನರಿರುತ್ತಿದ್ದರು. ಸರ್ ಷಟ್ಪದಿಯೊಂದನ್ನು ರಾಗವಾಗಿ ಹೇಳುವುದು, ನಾವೆಲ್ಲ ಒಟ್ಟಿಗೆ ಅದೇ ರಾಗದಲ್ಲಿ ಹೇಳುವುದು. ಗುಂಪಿನಲ್ಲಿ ನಾನೂ ಪುಸ್ತಕ ನೋಡುತ್ತ ಹೇಳುತ್ತಿದ್ದೆ. ನಡುವೆ ಸಿಪಾಯಿ ನೋಟೀಸು ಹಿಡಿದು ಬಾಗಿಲಿಗೆ ಬಂದ. ಸರ್ ಅತ್ತ ತಿರುಗಿದರು. ಹುಡುಗರು ಒಬ್ಬೊಬ್ಬರಾಗಿ ನಿಲ್ಲಿಸಿದರು. ನನಗೆ ಅದು ತಿಳಿಯಲೇ ಇಲ್ಲ. ಪುಸ್ತಕದಿಂದ ಕಣ್ಣೆತ್ತದೆ ಉಳಿದ ಸಾಲುಗಳನ್ನು ಒಬ್ಬಳೇ ಹೇಳಿ ಮುಗಿಸಿದೆ.

ಮುಗಿಸಿ ನೋಡಿದರೆ ಎಲ್ಲರೂ ನನ್ನ ಕಡೆಗೇ ನೋಡುತ್ತಿದ್ದಾರೆ. ಸರ್ ನೋಟೀಸು ಕೈಯಲ್ಲಿ ಹಿಡಿದುಕೊಂಡೇ, "ಯಾರವಾ ಅದು? ಮುಂದಿಂದೂ ಹೇಳು" ಎಂದರು.

ಎದ್ದು ನಿಂತೆ. ಮುಂದಿನ ಪದ್ಯದ ಮೊದಲ ಅಕ್ಷರವೇ ಹೊರಡಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ಗೆಳತಿ ಸವದತ್ತಿಯವಳು. ಕಾಲೇಜಿನಲ್ಲಿ ನನ್ನ ಪರವಾಗಿ ಮಾತಾಡುವವಳು ಅವಳೇ. ಈ ಸಲ ಅವಳು ಸರ್ ಅವರಿಗೆ ಏನನ್ನೂ ಹೇಳಲಿಲ್ಲ. ತಲೆ ತಗ್ಗಿಸಿಕೊಂಡೇ ಆ ರಾಗವನ್ನು ಮೆಲ್ಲಗೆ ಗುನುಗಿದಳು. ನಾನು ಅದಕ್ಕೆ ದನಿಗೂಡಿಸಿದೆ. ಪದ್ಯ ಹೊರಬಂತು, ಇಡಿಯಾಗಿ ಬಂತು.

ನನ್ನ ಪೆದ್ದುತನಕ್ಕೆ ಏನೆನ್ನಲಿ! ಮನೆಯಲ್ಲಿ ನಮ್ಮಜ್ಜಿ ಆಯಿಯ ಜೊತೆ ಬೀಸುವ ಕಲ್ಲಿನ ಪದಗಳನ್ನು ನಾನು ಎಂದೂ ಉಗ್ಗದೆ ಹಾಡಿದವಳು. "ಹಾಡಿನ್ಯಾಗ ಎಲ್ಲಿ ಹೋಗತೈತಿ ನಿನ್ನ ಉಗ್ಗು?" ಎಂದು ಆಯಿ ಎಷ್ಟು ಸಲ ಕೇಳಿದ್ದಳೋ. ಹಾಡು ಮನೆಯದು, ಓದು ಕಾಲೇಜಿನದು ಎಂದು ಎರಡನ್ನೂ ಬೇರೆ ಬೇರೆ ಗೂಡಿನಲ್ಲಿ ಇಟ್ಟಿದ್ದೆ. ಹಳೆಯ ಕಾವ್ಯವೂ ಹಾಡಲೆಂದೇ ಇರುವುದು ಎಂಬುದು ಹೊಳೆದಿರಲಿಲ್ಲ. ನಾನು ಅಂಜಿ ಬಿಟ್ಟುಬಂದ ತರಗತಿಯೊಂದೇ ಆ ಕಾಲೇಜಿನಲ್ಲಿ ನನ್ನ ಬಾಯಿ ಸಲೀಸಾಗಿ ಆಡುವ ಜಾಗವಾಗಿತ್ತು.

ತರಗತಿ ಮುಗಿದ ಮೇಲೆ ಸರ್ ಕರೆದು, "ನೀ ಐಚ್ಛಿಕ ಕನ್ನಡ ಯಾಕ ತಗೊಳ್ಳಲಿಲ್ಲ?" ಎಂದರು. ಉತ್ತರಕ್ಕಾಗಿ ಅವರು ಒತ್ತಾಯ ಮಾಡಲಿಲ್ಲ. "ಈ ಶನಿವಾರತನಕ ವಿಷಯ ಬದಲಿ ಮಾಡಾಕ ಅವಕಾಶ ಐತಿ. ಆಮ್ಯಾಲೆ ಬರೂದಿಲ್ಲ. ವಿಚಾರ ಮಾಡು" ಎಂದಷ್ಟೇ ಹೇಳಿದರು.

ಗೆಳತಿ "ಪ್ರಿನ್ಸಿಪಾಲರ ಹತ್ರ ನಾನ ಬಂದು ಹೇಳತೇನಿ, ನೀ ಸುಮ್ಮನ ನಿಂದ್ರು" ಎಂದಿದ್ದಳು. ಶನಿವಾರ ಅವಳು ಬರಲಿಲ್ಲ. ಅವಳನ್ನು ನೋಡಲು ವರನ ಕಡೆಯವರು ಬರುವವರಿದ್ದರಂತೆ. ಕಾಲೇಜು ಅರ್ಧ ದಿನ. ಅರ್ಜಿ ಬರೆದುಕೊಂಡು ಬಂದಿದ್ದೆ, ಕೊಟ್ಟರೆ ಸಾಕು, ಓದಿಕೊಳ್ಳುತ್ತಾರೆ ಎಂಬ ಧೈರ್ಯದಿಂದ ಪ್ರಿನ್ಸಿಪಾಲರ ಕೋಣೆಗೆ ಹೋದೆ.

ಪ್ರಿನ್ಸಿಪಾಲರು ಕನ್ನಡಕಕ್ಕಾಗಿ ಮೇಜಿನ ಮೇಲೆಲ್ಲ ಕೈಯಾಡಿಸಿ, ಕಿಸೆ ಮುಟ್ಟಿ ನೋಡಿಕೊಂಡರು. "ಚಾಳೀಸು ಮನ್ಯಾಗ ಬಿಟ್ಟು ಬಂದೇನಿ. ಏನೈತಿ ಅದರಾಗ? ನೀನ ಹೇಳಿಬಿಡವಾ" ಎಂದರು.

ವಿಷಯ ಬದಲಿ ಮಾಡಬೇಕು ಎನ್ನುವುದನ್ನು ಹೇಗೋ ಹೇಳಿದೆ. "ಯಾವುದು ಬೇಕು?" ಎಂದರು.

"ಐಚ್ಛಿಕ" ಎಂದೆ. ಅದು ಬಂತು. ಮುಂದೆ 'ಕ' ನಿಂತುಬಿಟ್ಟಿತು.

ಅಷ್ಟರಲ್ಲಿ ಗುಮಾಸ್ತರು ಫೈಲು ಹಿಡಿದು ಒಳಗೆ ಬಂದರು. ನನ್ನ ಅವಸ್ಥೆ ನೋಡಿ, "ಐಚ್ಛಿಕ ಹಿಂದೀ ಏನವಾ?" ಎಂದರು. ನಾನು ಬಾಯಿ ತೆರೆದುಕೊಂಡೇ ನಿಂತಿದ್ದೆ. "ಇಂಗ್ಲೀಷ್ ಏನು?" ಎಂದರು. ಹೌದೆಂದು ತಲೆಯಾಡಿಸಿದ್ದರೆ ಮುಗಿದುಹೋಗುತ್ತಿತ್ತು, ಹಸಿರು ಕುಪ್ಪಸದ ಹಾಗೆ. ನಾನು ಅಲ್ಲವೆಂದು ತಲೆ ಅಲ್ಲಾಡಿಸಿದೆ. ಬದಲಿ ಮಾತು ಹುಡುಕಿದೆ. ಜೀವನವೆಲ್ಲ ಅದನ್ನೇ ಮಾಡಿದವಳಿಗೆ ಕನ್ನಡಕ್ಕೆ ಬದಲಿಯಾಗಿ ಒಂದೂ ಮಾತು ಸಿಗಲಿಲ್ಲ.

ಗುಮಾಸ್ತರು ಪಾಪ, "ಆ ಅರ್ಜಿ ಇಲ್ಲಿ ಕೊಡು, ನಾ ಓದಿ ಹೇಳತೇನಿ ಸಾಹೇಬರಿಗೆ" ಎಂದು ಕೈ ಚಾಚಿದರು.

ಆಗ ನನಗೆ ಏನಾಯಿತೋ, ಅರ್ಜಿಯನ್ನು ಎದೆಗೆ ಒತ್ತಿಕೊಂಡು ಒಂದು ಹೆಜ್ಜೆ ಹಿಂದೆ ಸರಿದೆ. ಕೊಟ್ಟಿದ್ದರೆ ಕೆಲಸವಾಗುತ್ತಿತ್ತು. ಆದರೆ ಕೊಡಲು ಮನಸ್ಸಾಗಲಿಲ್ಲ. ನನಗೆ ಬೇಕಾದದ್ದನ್ನು ಒಂದು ಸಲವಾದರೂ ನನ್ನ ಬಾಯಿಂದಲೇ ಕೇಳಬೇಕೆನಿಸಿತು. "ಕ... ಕ... ಕ..." ಎನ್ನುತ್ತ ನಿಂತೆ. ಕಣ್ಣಲ್ಲಿ ನೀರು ಬಂತು. ಫ್ಯಾನು ತಿರುಗುತ್ತಿತ್ತು. ಇಬ್ಬರೂ ಕಾಯುತ್ತಿದ್ದರು. "ಕ... ಕನ್ನಡ" ಎಂದೆ. "ಐಚ್ಛಿಕ ಕ... ಕನ್ನಡ ಬೇಕ್ರಿ ಸರ್."

ಯಾರೂ ನಗಲಿಲ್ಲ. ಪ್ರಿನ್ಸಿಪಾಲರು "ಅಷ್ಟ ಹೌದಲ್ಲ, ಕನ್ನಡಾನ ತಗೋವಾ" ಎಂದು ಅರ್ಜಿ ಇಸಿದುಕೊಂಡು, ಎಲ್ಲಿ ಸಹಿ ಹಾಕಬೇಕೆಂದು ಗುಮಾಸ್ತರನ್ನೇ ಕೇಳಿ ಸಹಿ ಹಾಕಿದರು. ಜೀವಮಾನವೆಲ್ಲ ಯಾವುದಕ್ಕೆ ಅಂಜಿ ಬದುಕಿದ್ದೆನೋ ಅದು ನಡೆದುಹೋಗಿತ್ತು. ಇಬ್ಬರು ದೊಡ್ಡ ಮನುಷ್ಯರ ಮುಂದೆ ಮನಸಾರೆ ಉಗ್ಗಿದ್ದೆ, ಏನೂ ಆಗಿರಲಿಲ್ಲ. ಹೊರಗೆ ಬಂದು ನಲ್ಲಿಯ ನೀರನ್ನು ಮುಖಕ್ಕೆ ಎರಚಿಕೊಂಡೆ. ಅಳು ಬರುತ್ತಿತ್ತು, ನಗುವೂ ಬರುತ್ತಿತ್ತು. ಹೊಟ್ಟೆ ಮಾತ್ರ ವಿಪರೀತ ಹಸಿದಿತ್ತು.

ಎರಡು ಸಾವಿರದ ಇಸವಿ ದಾಟಿದ ಮೇಲೆ ನಾನು ರಾಮದುರ್ಗದ ಒಂದು ಕಾಲೇಜಿನಲ್ಲಿ ಕನ್ನಡ ಕಲಿಸಲು ಸೇರಿದೆ. ಉಗ್ಗು ಹೋಗಿಲ್ಲ. ಪದ್ಯವನ್ನು ಸಲೀಸಾಗಿ ಹಾಡಿ, ಅದರ ಅರ್ಥ ಹೇಳುವಾಗ ಉಗ್ಗುತ್ತೇನೆ. ಮೊದಲ ವಾರ ಹುಡುಗರು ಮುಸಿಮುಸಿ ನಗುತ್ತಾರೆ, ಎರಡನೆಯ ವಾರಕ್ಕೆ ಮರೆಯುತ್ತಾರೆ. ಪ್ರವೇಶದ ದಿನಗಳಲ್ಲಿ "ಮ್ಯಾಡಮ್, ಯಾವ ವಿಷಯ ಸರಳ ಅದ?" ಎಂದು ಕೇಳಿಕೊಂಡು ಬರುವವರು ಬಹಳ. ಸರಳವಾದದ್ದನ್ನು ಹೇಳಿಯೇ ಕಳಿಸುತ್ತೇನೆ, ಉಪದೇಶ ಮಾಡುವುದಿಲ್ಲ. ಆದರೆ ಯಾರಾದರೂ ಒಂದು ವಿಷಯದ ಹೆಸರು ಹೇಳಲು ಹೋಗಿ ಬೇರೊಂದನ್ನು ಬರೆಸಿದರೆ ನನಗೆ ತಟ್ಟನೆ ಗೊತ್ತಾಗುತ್ತದೆ. ಅಂಥವರನ್ನು ಕುರ್ಚಿಯಲ್ಲಿ ಕೂಡಿಸಿ, ಅವರ ಮಾತನ್ನು ನಾನು ತುಂಬದೆ, ಸುಮ್ಮನೆ ಕಾಯುತ್ತೇನೆ.

ಆ ಶನಿವಾರ ಮಧ್ಯಾಹ್ನ ಸವದತ್ತಿಯಲ್ಲಿ ಬಸ್ಸು ಹತ್ತಿದಾಗ ಪಾಸು ಇನ್ನೂ ಬಂದಿರಲಿಲ್ಲ. ಕಂಡಕ್ಟರು ದಿನಾಲಿನವರೇ. ನನ್ನ ಹತ್ತಿರ ಬಂದವರು ಏನನ್ನೂ ಕೇಳದೆ ಯರಗಟ್ಟಿಯ ಟಿಕೆಟ್ ಹರಿಯಲು ಕೈ ಹಾಕಿದರು.

"ಮ... ಮ..." ಎಂದೆ. ಅವರು ಕೈ ನಿಲ್ಲಿಸಿದರು. ಹಿಂದಿನ ಸೀಟಿನವರು ಇಣುಕಿ ನೋಡಿದರು. ನೋಡಲಿ ಎಂದುಕೊಂಡೆ. "ಮ... ಮುನವಳ್ಳಿ ಕೊಡ್ರಿ."

ಕಂಡಕ್ಟರು ನನ್ನ ಮುಖವನ್ನೇ ನೋಡಿದರು. ಆಮೇಲೆ ಮುನವಳ್ಳಿಯ ಟಿಕೆಟ್ ಹರಿದು ಕೈಗಿಡುತ್ತ, "ಅಂತೂ ಮನಿಗೆ ಹೊಂಟಿ ನೋಡವಾ ಇವತ್ತ" ಎಂದರು.