ಫೋನಿನಲ್ಲಿ ಹೇಳಿದ ‘ಹೌದು’

ಡೆಲ್ಫಾ ಸ್ಟಿಡಮ್ ಹತ್ತೊಂಬತ್ತು ವರ್ಷ ಮಂದಿಯ ಮನೆ ಬಾಗಿಲು ತಟ್ಟಿ, ನೀವು ಎಷ್ಟು ಸೇದುತ್ತೀರಿ, ಎಷ್ಟು ದಿನ ಹಾಸಿಗೆ ಹಿಡಿದಿದ್ದಿರಿ, ಯಾವ ಯಾವ ತಪಾಸಣೆ ಮಾಡಿಸಿಕೊಂಡಿದ್ದೀರಿ ಎಂದು ಕೇಳುತ್ತ ಬಂದವಳು. ಪೂರ್ವ ಕೆಂಟಕಿಯ ಗುಡ್ಡಗಳಲ್ಲಿ, ನಮ್ಮ ಬ್ರಾಶರ್ ಕೌಂಟಿಯೂ ಸೇರಿ ನಾಲ್ಕು ಕೌಂಟಿಗಳಲ್ಲಿ, ಅವಳ ಬೂದು ಕಾರನ್ನು ಕಂಡು ಒಮ್ಮೆ ಬೊಗಳದ ನಾಯಿಯಿಲ್ಲ, ಎರಡನೇ ಸಲ ಬೊಗಳಿದ ನಾಯಿಯೂ ಇಲ್ಲ.

ಸರ್ಕಾರದ ಆರೋಗ್ಯ ಸಮೀಕ್ಷೆಯ ಕೆಲಸ ಅದು. ಪಟ್ಟಿಯಲ್ಲಿ ಬಂದ ಮನೆಗೆ ಹೋಗಬೇಕು, ಅಚ್ಚಾದ ಪ್ರಶ್ನೆಯನ್ನು ಅಚ್ಚಾದ ಹಾಗೆಯೇ ಓದಬೇಕು, ಕೊಟ್ಟ ಉತ್ತರವನ್ನು ಕೊಟ್ಟ ಹಾಗೆಯೇ ಕಂಪ್ಯೂಟರಿಗೆ ಒತ್ತಬೇಕು. ಅಯ್ಯೋ ಎನ್ನುವಂತಿಲ್ಲ, ಶಾಭಾಸ್ ಎನ್ನುವಂತಿಲ್ಲ. ಬುದ್ಧಿ ಹೇಳುವುದಂತೂ ದೊಡ್ಡ ಅಪರಾಧ, ಯಾಕೆಂದರೆ ಬುದ್ಧಿ ಹೇಳಿಸಿಕೊಂಡವರು ಮುಂದಿನ ಪ್ರಶ್ನೆಗೆ ನಿಜ ಹೇಳುವುದಿಲ್ಲ. ಒಂದು ಮನೆಯಲ್ಲಿ ಕೇಳಿದ್ದನ್ನು ಇನ್ನೊಂದು ಮನೆಯಲ್ಲಿ ಬಾಯಿ ಬಿಡಬಾರದೆಂದು ಅವಳು ಪ್ರಮಾಣ ಮಾಡಿದ್ದಳು. ಇಡೀ ಕೌಂಟಿಯ ಕೆಮ್ಮು, ಮೂಲವ್ಯಾಧಿ, ಮುಟ್ಟು ನಿಂತ ವರ್ಷ ಎಲ್ಲ ಅವಳ ಹೊಟ್ಟೆಯಲ್ಲಿತ್ತು. ಒಂದೂ ಹೊರಗೆ ಬಂದಿರಲಿಲ್ಲ.

ನಮ್ಮ ಕಡೆ ಜಗಲಿ ಹತ್ತಿದ ಕೂಡಲೇ ಪ್ರಶ್ನೆ ಕೇಳುವಂತಿಲ್ಲ. ಮೊದಲು ಕೂರಬೇಕು. ನಿಮ್ಮ ತಾಯಿ ಯಾವ ಕೊಳ್ಳದವರು, ನಿಮ್ಮ ಅಜ್ಜನ ಸಮಾಧಿಗೆ ಈ ವರ್ಷ ಹೂವಿಟ್ಟವರು ಯಾರು ಎಂದು ನೆಂಟಸ್ತಿಕೆ ಹುಡುಕಬೇಕು. ಬೀನ್ಸ್ ಕಾಳಿನ ಸಾರು ಒಲೆಯ ಮೇಲಿದ್ದರೆ ಬೇಡವೆನ್ನದೆ ಉಣ್ಣಬೇಕು. ಒಂದು ಮನೆಗೆ ಮೂರು ಗಂಟೆ ಯಾಕೆ ಎಂದು ಮೇಲಿನವರು ವರ್ಷ ವರ್ಷವೂ ಕೇಳುತ್ತಿದ್ದರು. ಡೆಲ್ಫಾ ವರ್ಷ ವರ್ಷವೂ ತಲೆಯಾಡಿಸಿ ಮತ್ತೆ ಮೂರು ಗಂಟೆಯೇ ತೆಗೆದುಕೊಳ್ಳುತ್ತಿದ್ದಳು.

ಈ ಕಥೆ ನಡೆದಾಗ ಅವಳಿಗೆ ಅರವತ್ತೊಂದು. ಮಂಡಿ ಎರಡೂ ಮುಷ್ಕರ ಹೂಡಿದ್ದವು. ಗಂಡ ಕ್ಲೆಲ್ ಗಣಿಯ ಧೂಳನ್ನೂ ತಂಬಾಕಿನ ಹೊಗೆಯನ್ನೂ ಒಟ್ಟಿಗೆ ಎಳೆದುಕೊಂಡು ಹನ್ನೊಂದು ವರ್ಷದ ಹಿಂದೆಯೇ ಹೋಗಿದ್ದ. ಅವನ ಕೊನೆಯ ಎರಡು ವರ್ಷ ಡೆಲ್ಫಾ ಆಸ್ಪತ್ರೆಯ ಪಡಸಾಲೆಗಳಲ್ಲಿ ಪ್ಲಾಸ್ಟಿಕ್ ಕುರ್ಚಿಗೆ ಅಂಟಿಕೊಂಡಿದ್ದಳು. ಆಮೇಲೆ ಅಲ್ಲಿಯ ಫಿನಾಯಿಲ್ ವಾಸನೆ ಎಲ್ಲಿ ಮೂಗಿಗೆ ಬಡಿದರೂ ಅವಳು ಬಂದ ದಾರಿಯಲ್ಲೇ ಹಿಂದಿರುಗುತ್ತಿದ್ದಳು. ಹೆದರಿಕೆ ಎಂದು ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ. ಆದರೆ ಅದು ಹೆದರಿಕೆಯೇ.

ಆ ವರ್ಷದ ಸೆಪ್ಟೆಂಬರಿನಲ್ಲಿ ಪಟ್ಟಿಯಲ್ಲಿ ಬಂದದ್ದು ಲಿಕ್ ಫೋರ್ಕ್ ಕೊಳ್ಳದ ಕೊನೆಯ ಮನೆ, ಆರ್ವಿಲ್ಲಾ ಮತ್ತು ಹೋಬರ್ಟ್ ನೇಪಿಯರ್ ಅವರದು. ಡಾಂಬರು ಮುಗಿದು, ಜಲ್ಲಿ ಮುಗಿದು, ಆಮೇಲೆ ಹಳ್ಳವೇ ದಾರಿ. ಫೋನಿನ ತಂತಿ ಎರಡು ಮೈಲಿ ಕೆಳಗೇ ಸಾಕು ಎಂದು ನಿಂತಿತ್ತು. ಆರ್ವಿಲ್ಲಾಗೆ ಅರವತ್ತೆಂಟು, ಕೊಳ್ಳಕ್ಕೆಲ್ಲ ಅವಳು ಚಿಕ್ಕಮ್ಮ. ನೆಂಟಸ್ತಿಕೆ ಹುಡುಕಿ, ಸೇಬಿನ ಕೇಕು ತಿಂದು, ಕಾಫಿ ಕುಡಿದ ಮೇಲೆ ಡೆಲ್ಫಾ ಮೊದಲು ಹೋಬರ್ಟನನ್ನು ಕೇಳಿದಳು. ಜೀವಮಾನದಲ್ಲಿ ಒಟ್ಟು ನೂರು ಸಿಗರೇಟನ್ನಾದರೂ ಸೇದಿದ್ದೀರಾ?

ಹೋಬರ್ಟ್ ಹೊಗೆ ಬಿಡುತ್ತ ಇಲ್ಲವೆಂದ.

ಡೆಲ್ಫಾ ಅದೇ ಪ್ರಶ್ನೆಯನ್ನು ಅದೇ ದನಿಯಲ್ಲಿ ಇನ್ನೊಮ್ಮೆ ಓದಿದಳು.

“ಸಿಗರೇಟು ಅಂದ್ರೆ ಅಂಗಡೀದು. ಇದು ನಮ್ಮ ಹೊಲದ ಎಲೆ, ನನ್ನ ಕೈಯಾರೆ ಸುತ್ಕೊಂಡಿದ್ದು,” ಎಂದ ಅವನು. “ಸಿಗರೇಟು ಮುಟ್ಟೋನಲ್ಲ ನಾನು. ಈ ವಯಸ್ಸಲ್ಲಿ ನನ್ನ ಬಾಯಲ್ಲಿ ಸುಳ್ಳು ಹೇಳಿಸ್ಬೇಡ.”

ಐವತ್ತು ವರ್ಷದ ಹೊಗೆಗೆ ಅವನ ಮೀಸೆ ಹಳದಿ ತಿರುಗಿತ್ತು. ಡೆಲ್ಫಾ ‘ಇಲ್ಲ’ ಒತ್ತಿದಳು. ಲೆಕ್ಕದಲ್ಲಿ ಹೋಬರ್ಟ್ ಹೊಗೆಯ ಗೊಡವೆಗೇ ಹೋಗದ ಸಂಭಾವಿತನಾದ. ನಮ್ಮ ಕೌಂಟಿಯಲ್ಲಿ ಇಂಥ ಸಂಭಾವಿತರು ಹೆಜ್ಜೆಗೊಬ್ಬರು.

ಹೆಂಗಸರ ಪ್ರಶ್ನೆಗಳು ಬಂದಾಗ ಅವನನ್ನು ಕೋಳಿಗೂಡಿನ ಕಡೆ ಸಾಗಹಾಕಿದರು. ಎಂದಾದರೂ ಮ್ಯಾಮೊಗ್ರಾಮ್ ಮಾಡಿಸಿಕೊಂಡಿದ್ದೀರಾ? ಆರ್ವಿಲ್ಲಾ ಇಲ್ಲವೆಂದಳು. ಹೋದ ವರ್ಷ ಬಸ್ಸು ಬಂದಾಗ ಹುಲ್ಲು ಕಟ್ಟುವ ಕೆಲಸವಿತ್ತು, ಅದರ ಹಿಂದಿನ ವರ್ಷ ಹಳ್ಳ ತುಂಬಿತ್ತು. ಎದೆಯ ತಪಾಸಣೆಯ ಆ ಗುಲಾಬಿ ಬಣ್ಣದ ಬಸ್ಸು ಪ್ರತಿ ಅಕ್ಟೋಬರಿನಲ್ಲಿ ಎರಡು ದಿನ ಚರ್ಚಿನ ಹಿಂದೆ ಬಂದು ನಿಲ್ಲುತ್ತಿತ್ತು. ಡೆಲ್ಫಾ ಕಂಪ್ಯೂಟರಿನಿಂದ ಕಣ್ಣು ಎತ್ತುವುದರೊಳಗೆ ಆರ್ವಿಲ್ಲಾ ತನ್ನ ಎಡಗಡೆಯ ಕಂಕುಳ ಕೆಳಗೆ ಎರಡು ಬೆರಳಿಟ್ಟಳು.

“ಇಲ್ಲಿ ಕಾಳಿನಷ್ಟು ಏನೋ ಇದೆ ಕಣೇ. ಬೇಸಿಗೆಯಿಂದ. ನೋವೇನಿಲ್ಲ. ಹೋಬರ್ಟ್‌ಗೆ ಹೇಳಿಲ್ಲ. ಬಸ್ಸು ಬರ್ಲಿ, ಈ ಸಲ ತೋರಿಸ್ತೀನಿ.”

ಅಯ್ಯೋ ಎನ್ನುವಂತಿಲ್ಲವಲ್ಲ. ಡೆಲ್ಫಾ ಅನ್ನಲಿಲ್ಲ. ಬಸ್ಸು ಅಕ್ಟೋಬರ್ ಎರಡನೇ ವಾರ ಬರುತ್ತದೆ ಎಂದಷ್ಟೇ ಹೇಳಿದಳು. ಅಷ್ಟು ಹೇಳಬಹುದೋ ಇಲ್ಲವೋ ಎಂದು ದಾರಿಯುದ್ದಕ್ಕೂ ಯೋಚಿಸಿದಳು.

ಮರುದಿನ ಕೌಂಟಿಯ ಆರೋಗ್ಯ ಕಚೇರಿಗೆ ಬಸ್ಸಿನ ಭಿತ್ತಿಪತ್ರ ತರಲು ಹೋದಳು. ಪ್ರತಿ ವರ್ಷ ಅಂಚೆ ಕಚೇರಿಗೂ ದಿನಸಿ ಅಂಗಡಿಗೂ ಅವನ್ನು ಅಂಟಿಸುತ್ತಿದ್ದವಳು ಅವಳೇ. ಅಲ್ಲಿಯ ನರ್ಸು ಈ ವರ್ಷ ಬಸ್ಸಿಲ್ಲ ಎಂದಳು. ಬ್ರಾಶರ್ ಕೌಂಟಿಯಲ್ಲಿ ನಲವತ್ತು ದಾಟಿದ ಹೆಂಗಸರಲ್ಲಿ ನೂರಕ್ಕೆ ಎಪ್ಪತ್ತೊಂದು ಮಂದಿ ಎರಡು ವರ್ಷದೊಳಗೆ ತಪಾಸಣೆ ಮಾಡಿಸಿಕೊಂಡಿದ್ದಾರಂತೆ. ನೂರಕ್ಕೆ ಎಪ್ಪತ್ತು ದಾಟಿದ ಕೌಂಟಿಗೆ ಬಸ್ಸು ಬೇಡ, ಕಡಿಮೆಯಿರುವ ಕಡೆ ಹೋಗಲಿ ಎಂದು ರಾಜಧಾನಿಯಲ್ಲಿ ತೀರ್ಮಾನವಾಗಿತ್ತು. ನರ್ಸಿಗೂ ಅದು ನಂಬಿಕೆಯಾಗಿರಲಿಲ್ಲ. ಆದರೆ ಕಾಗದದ ಮೇಲೆ ಅಚ್ಚಾಗಿ ಬಂದದ್ದರ ಜೊತೆ ಜಗಳವಾಡುವ ತ್ರಾಣ ಅವಳಲ್ಲಿ ಉಳಿದಿರಲಿಲ್ಲ.

ಎಪ್ಪತ್ತೊಂದು! ಡೆಲ್ಫಾಗೆ ನಗು ಬಂತು, ಆಮೇಲೆ ಮೈ ಉರಿಯಿತು. ಮನೆಗೆ ಬಂದವಳೇ ಅಡುಗೆಮನೆಯ ಗೋಡೆಗೆ ತೂಗುಹಾಕಿದ್ದ ಫೋನೆತ್ತಿ ಫೀಲಿಕ್ಸ್ ವಾರ್ಡ್‌ಲಾಗೆ ಕರೆ ಮಾಡಿದಳು. ಆತ ಸರ್ಕಾರಕ್ಕೆ ಆ ಅಂಕಿಗಳನ್ನು ಹಾಕಿಕೊಡುವ ನಲವತ್ತೈದರ ಮನುಷ್ಯ. ವರ್ಷಕ್ಕೊಮ್ಮೆ ತರಬೇತಿಯಲ್ಲಿ ಸಿಗುತ್ತಿದ್ದ, ಒಳ್ಳೆಯವ. ಎಪ್ಪತ್ತೊಂದನ್ನು ಎಣಿಸಿದವರು ಯಾರು ಎಂದು ಅವಳು ನೇರವಾಗಿಯೇ ಕೇಳಿದಳು.

ಎಣಿಸಿದ್ದಲ್ಲ, ಅಂದಾಜು ಮಾಡಿದ್ದು ಎಂದ ವಾರ್ಡ್‌ಲಾ. ಒಂದೊಂದು ಕೌಂಟಿಯಲ್ಲೂ ಮನೆಮನೆಗೆ ಹೋಗಲು ಯಾರ ಕೈಲಾಗುತ್ತದೆ? ಹಾಗಾಗಿ ಫೋನ್ ಮಾಡಿ ಕೇಳುತ್ತಾರೆ. ಫೋನಿಲ್ಲದ ಮನೆಗಳು ಅದರಲ್ಲಿ ಬಿಟ್ಟುಹೋಗುತ್ತವೆ, ಅವರು ಎಷ್ಟು ಬೇರೆ ಎಂಬುದು ಡೆಲ್ಫಾಳಂಥವರು ಬಾಗಿಲು ತಟ್ಟಿ ತಂದ ಉತ್ತರಗಳಿಂದ ತಿಳಿಯುತ್ತದೆ, ಅದನ್ನಿಟ್ಟುಕೊಂಡು ಸರಿಪಡಿಸುತ್ತಾರೆ.

“ಸಾರಿನ ಉಪ್ಪು ನೋಡೋಕೆ ಒಂದು ಚಮಚ ಸಾಕು, ಮಿಸ್ ಡೆಲ್ಫಾ. ಆದ್ರೆ ನಿಮ್ಮ ಪಾತ್ರೆಯಿಂದ ನಮಗೆ ಸಿಕ್ಕಿದ್ದು ಒಂದು ಹನಿ. ಅಕ್ಕಪಕ್ಕದ ಪಾತ್ರೆಗಳ ರುಚೀನೂ ಸೇರಿಸ್ಕೊಂಡು ಹೇಳ್ಬೇಕಾಗುತ್ತೆ.”

“ಹನಿ ಅಂದ್ರೆ ಎಷ್ಟು ಜನ?”

ಅವನು ಅದನ್ನು ಹೇಳಬಾರದಾಗಿತ್ತು, ಆದರೂ ಹೇಳಿದ. ಇಡೀ ಕೌಂಟಿಯಿಂದ ಫೋನಿಗೆ ಸಿಕ್ಕ ಆ ವಯಸ್ಸಿನ ಹೆಂಗಸರು ಒಂಬತ್ತು. ಹೌದು ಎಂದವರು ಎಂಟು. ಅಕ್ಕಪಕ್ಕದ ಕೌಂಟಿಗಳನ್ನು ಬೆರೆಸಿದ ಮೇಲೆ ಅದು ನೂರಕ್ಕೆ ಎಪ್ಪತ್ತೊಂದಾಗಿತ್ತು.

“ಫೋನಿಲ್ಲದವರನ್ನ ಸರಿಪಡಿಸೋ ದಾರಿ ನಮ್ಮ ಹತ್ರ ಇದೆ,” ಎಂದು ಅವನು ಸಣ್ಣಗೆ ನಕ್ಕ. “ಫೋನಿದ್ದೂ ಸುಳ್ಳು ಹೇಳೋರಿಗೆ ಇಲ್ಲ.”

ಡೆಲ್ಫಾ ಗೋಡೆಗೆ ಒರಗಿದಳು. ಹಿಂದಿನ ವರ್ಷದ ಮಾರ್ಚಿನಲ್ಲಿ ಇದೇ ಜಾಗದಲ್ಲಿ, ಇದೇ ಫೋನು ಹಿಡಿದು ನಿಂತಿದ್ದಳು. ಎಲ್ಲಿಯೋ ದೂರದ ಊರಿನ ಹುಡುಗಿಯೊಬ್ಬಳು ಅಚ್ಚಾದ ಪ್ರಶ್ನೆಯನ್ನು ಅಚ್ಚಾದ ಹಾಗೆಯೇ ಓದುತ್ತಿದ್ದಳು. ಅವಳ ದನಿಯಲ್ಲಿದ್ದ ಆಯಾಸ ಡೆಲ್ಫಾಗೆ ಚೆನ್ನಾಗಿ ಗೊತ್ತಿದ್ದ ಆಯಾಸ. ಪಾಪ, ಇವಳಿಗೆ ಇವತ್ತು ಎಷ್ಟು ಮಂದಿ ಫೋನು ಕುಕ್ಕಿದ್ದಾರೋ ಎಂದು ಕನಿಕರ ಬಂದು ಪ್ರತಿಯೊಂದಕ್ಕೂ ನಯವಾಗಿ ಉತ್ತರ ಕೊಟ್ಟಿದ್ದಳು. ಎಂದಾದರೂ ಮ್ಯಾಮೊಗ್ರಾಮ್? ಹೌದಮ್ಮ. ಎಷ್ಟು ದಿನವಾಯಿತು? ವರ್ಷದೊಳಗೆ.

ಬಂದವರಿಗೆ ಕಾಫಿ ಬೇಕೇ ಎಂದು ಕೇಳಿದಷ್ಟು ಸಲೀಸಾಗಿ ಬಾಯಿಂದ ಬಂದಿತ್ತು. ಹೊರಗಿನವರ ಮುಂದೆ ಮನೆಯನ್ನು ಗಲೀಜಾಗಿ ತೋರಿಸಬಾರದು ಎಂದು ನಮ್ಮ ಗುಡ್ಡದ ಹೆಣ್ಣುಮಕ್ಕಳಿಗೆ ತೊಟ್ಟಿಲಲ್ಲೇ ಕಲಿಸಿರುತ್ತಾರೆ. ಬಸ್ಸಿನ ಭಿತ್ತಿಪತ್ರ ಅಂಟಿಸುವವಳು, ಊರಿಗೆಲ್ಲ ಇದೇ ಪ್ರಶ್ನೆ ಕೇಳುವವಳು, ತಾನೇ ಆ ಬಸ್ಸಿನ ಮೆಟ್ಟಿಲು ಹತ್ತಿಲ್ಲ ಎಂದು ಗುರುತಿಲ್ಲದ ದನಿಗೆ ಹೇಳುವುದು ಹೇಗೆ? ಜಗಲಿಯ ಮೇಲೆ ಮೂರು ಗಂಟೆ ಕೂತು ಕೇಳಿದ್ದರೆ ಹೇಳುತ್ತಿದ್ದಳೋ ಏನೋ. ಫೋನು ಜಗಲಿ ಹತ್ತುವುದಿಲ್ಲವಲ್ಲ.

“ಆ ಎಂಟರಲ್ಲಿ ಒಬ್ಬಳು ನಾನು,” ಎಂದಳು. “ನಾನು ಮಾಡಿಸ್ಕೊಂಡೇ ಇಲ್ಲ.”

 ವಾರ್ಡ್‌ಲಾ ಮೆತ್ತಗೆ, ಅದನ್ನು ಈಗ ತಿದ್ದಲು ಬರುವುದಿಲ್ಲ ಎಂದ. ಹೆಸರು ಇಟ್ಟುಕೊಂಡಿಲ್ಲ, ಅವಳ ಉತ್ತರ ಯಾವುದೆಂದು ಹುಡುಕಲೂ ಆಗದು. ಅವಳದೊಂದನ್ನು ತೆಗೆದರೂ ಅಂಕಿ ಅಷ್ಟೇನೂ ಇಳಿಯುತ್ತಿರಲಿಲ್ಲ, ಮನಸ್ಸಿಗೆ ಹಚ್ಚಿಕೊಳ್ಳಬಾರದು ಎಂದ.

“ಉಳಿದ ಏಳು ಜನಾನೂ ನನ್ನ ಹಾಗೇ ಆಗಿದ್ರೆ?”

ವಾರ್ಡ್‌ಲಾ ನೋಡೋಣ, ಮುಂದಿನ ವರ್ಷ ಬಸ್ಸಿನವರಿಗೆ ಬರೆಯುತ್ತೇನೆ ಎಂದು ಹೇಳಿ ಫೋನಿಟ್ಟ.

ಡೆಲ್ಫಾ ಫೋನನ್ನು ಗೋಡೆಗೆ ಸಿಕ್ಕಿಸಿದಳು. ಅಳು ಬರಲಿಲ್ಲ, ಸುಸ್ತಾಯಿತು. ಹತ್ತೊಂಬತ್ತು ವರ್ಷ ಹಳ್ಳ ಹಾದು, ನಾಯಿ ಕಚ್ಚಿಸಿಕೊಂಡು, ಒಂದೊಂದು ನಿಜವನ್ನೂ ಕಾಳು ಆರಿಸಿದ ಹಾಗೆ ಆರಿಸಿ ತಂದವಳು ತನ್ನದೊಂದು ಕಾಳನ್ನು ಮಾತ್ರ ಹುಸಿಯಾಗಿ ಹಾಕಿದ್ದಳು. ಆ ಕಡೆ ಲಿಕ್ ಫೋರ್ಕಿನಲ್ಲಿ ಆರ್ವಿಲ್ಲಾ ಚಿಕ್ಕಮ್ಮ ಬಾರದ ಬಸ್ಸಿಗೆ ದಿನ ಎಣಿಸುತ್ತಿದ್ದಳು.

ಮರುದಿನ ಬೆಳಿಗ್ಗೆ ಕಂಪ್ಯೂಟರನ್ನು ಮನೆಯಲ್ಲೇ ಬಿಟ್ಟು ಕೊಳ್ಳಕ್ಕೆ ಹೋದಳು. ಬಸ್ಸು ಬರುವುದಿಲ್ಲ ಎಂದಾಗ ಆರ್ವಿಲ್ಲಾ ಬಟಾಣಿ ಸುಲಿಯುವುದನ್ನು ನಿಲ್ಲಿಸಲೂ ಇಲ್ಲ. ಹಾಗಾದರೆ ಮುಂದಿನ ವರ್ಷ ಬಂದಾಗ ತೋರಿಸಿದರಾಯಿತು ಎಂದಳು. ಅರವತ್ತು ಮೈಲಿ ದೂರದ ಆಸ್ಪತ್ರೆಯ ಮಾತು ಅವಳ ಬಾಯಲ್ಲಿ ಬರಲೇ ಇಲ್ಲ. ಅವಳಿಗೆ ಕಾರು ಓಡಿಸಲು ಬಾರದು, ಹೋಬರ್ಟನ ಪಿಕಪ್ ಗಾಡಿ ದಿನಸಿ ಅಂಗಡಿಯಾಚೆ ಕಾಲಿಟ್ಟಿದ್ದಿಲ್ಲ.

ಡೆಲ್ಫಾ ಬುದ್ಧಿ ಹೇಳಬಾರದೆಂಬ ನಿಯಮ ಮುರಿದಳು.

“ಏಳು ಚಿಕ್ಕಮ್ಮ. ಮುಖ ತೊಳ್ಕೋ, ಒಳ್ಳೇ ಲಂಗ ಹಾಕ್ಕೋ. ನಾನೇ ಕರ್ಕೊಂಡು ಹೋಗ್ತೀನಿ.”

“ಪ್ರಶ್ನೆ ಕೇಳೋದಷ್ಟೇ ನಿನ್ನ ಕೆಲ್ಸ ಅಂತಿದ್ಯಲ್ಲ?”

“ಕೇಳಿ ಕೇಳಿ ಸಾಕಾಗಿದೆ,” ಎಂದಳು ಡೆಲ್ಫಾ.

ದಾರಿಯಲ್ಲಿ ಕಲ್ಲಿದ್ದಲು ಲಾರಿಗಳ ಹಿಂದೆ ತೆವಳುತ್ತ ಎರಡೂವರೆ ಗಂಟೆ ಹಿಡಿಯಿತು. ಆಸ್ಪತ್ರೆಯ ಗಾಜಿನ ಬಾಗಿಲು ತೆರೆದದ್ದೇ ತಡ, ಆ ಹಳೆಯ ವಾಸನೆ ಡೆಲ್ಫಾಳ ಎದುರಿಗೆ ಬಂತು. ಅವಳು ಬಾಯಲ್ಲಿ ಉಸಿರಾಡುತ್ತ ಆರ್ವಿಲ್ಲಾಳ ಹೆಸರು ಬರೆಸಿದಳು. ಬಡವರಿಗೆ ಸರ್ಕಾರದ ಯೋಜನೆಯಲ್ಲಿ ಬಿಟ್ಟಿಯಾಗಿ ಆಗುತ್ತದೆಂದು ಅವಳಿಗೆ ಗೊತ್ತಿತ್ತು, ಅದಕ್ಕೆ ಯಾವ ಅರ್ಜಿ ಎಂಬುದೂ ಗೊತ್ತಿತ್ತು. ಆರ್ವಿಲ್ಲಾ ತನ್ನ ಕೈಚೀಲವನ್ನು ಅವಳ ಮಡಿಲಿಗೆ ಹಾಕಿ, ಹೆಗಲು ನೆಟ್ಟಗೆ ಮಾಡಿಕೊಂಡು ಒಳಗೆ ಹೋದಳು. ಡೆಲ್ಫಾ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಳು. ಬಣ್ಣ ಬೇರೆಯಿತ್ತು, ಕುರ್ಚಿ ಅದೇ.

ಮುಕ್ಕಾಲು ಗಂಟೆಯ ಮೇಲೆ ಮೇಜಿನ ಹಿಂದಿನ ಹೆಂಗಸು ಕೈಗೆ ಕೆಲಸವಿಲ್ಲದೆಯೋ ಏನೋ ಅವಳ ಕಡೆ ತಿರುಗಿದಳು.

“ನಿಮ್ಮದು ಯಾವಾಗ ಆಗಿತ್ತಮ್ಮ ಕೊನೇ ಸಲ?”

ಹತ್ತೊಂಬತ್ತು ವರ್ಷದ ಅಭ್ಯಾಸ. ಪ್ರಶ್ನೆಯನ್ನು ಅಚ್ಚಾದ ಹಾಗೆ ಓದಿಲ್ಲವಲ್ಲ ಎಂಬುದೇ ಡೆಲ್ಫಾಗೆ ಮೊದಲು ಹೊಳೆದದ್ದು. ಆಮೇಲೆ ‘ವರ್ಷದೊಳಗೆ’ ಎನ್ನುವುದು ನಾಲಿಗೆಯ ತುದಿಗೆ ಬಂತು. ಅದನ್ನು ನುಂಗಿದಳು.

“ಒಂದ್ಸಲಾನೂ ಇಲ್ಲ,” ಎಂದಳು.

ಆ ಹೆಂಗಸು ಅಯ್ಯೋ ಎನ್ನಲಿಲ್ಲ, ಮುಖವನ್ನೂ ಸಿಂಡರಿಸಲಿಲ್ಲ. ಬರೆದುಕೊಂಡಳು. ಹನ್ನೊಂದೂವರೆಗೆ ಬರಬೇಕಾದವರು ಬಂದಿಲ್ಲ, ಬೇಕಾದರೆ ಇವತ್ತೇ ಮುಗಿಸಿಬಿಡಬಹುದು ಎಂದಳು.

ಇವತ್ತು ಬೇಡ, ಇನ್ನೊಂದು ದಿನ ಬರುತ್ತೇನೆ ಎಂದು ಡೆಲ್ಫಾ ಬಾಯಿ ತೆರೆದಿದ್ದಳು. ಸಾವಿರ ಜಗಲಿಗಳಲ್ಲಿ ಸಾವಿರ ಹೆಂಗಸರು ಹೇಳಿದ್ದನ್ನು, ತಾನು ಮುಖದ ಮೇಲೆ ಏನೂ ತೋರಿಸದೆ ಒತ್ತಿಕೊಂಡದ್ದನ್ನು, ತನ್ನ ದನಿಯಲ್ಲೇ ಕೇಳಿಸಿಕೊಳ್ಳುವುದರಲ್ಲಿದ್ದಳು. ಅಷ್ಟರಲ್ಲಿ ಒಳಗಿನ ಬಾಗಿಲು ತೆರೆದು ಆರ್ವಿಲ್ಲಾ ಗುಂಡಿ ಹಾಕಿಕೊಳ್ಳುತ್ತ ಬಂದಳು. ಮುಖ ಬಿಳಿಚಿಕೊಂಡಿತ್ತು. ಗುರುವಾರ ಮತ್ತೆ ಬರಬೇಕಂತೆ, ಸೂಜಿ ಹಾಕಿ ಗಂಟಿನ ಚೂರು ತೆಗೆದು ನೋಡಬೇಕಂತೆ, ಇದೇ ಬಸ್ಸಿಗೆ ಅಂತ ಇನ್ನೊಂದು ವರ್ಷ ಕಾದಿದ್ದರೆ ಕೈ ಮೀರಿ ಹೋಗಬಹುದಿತ್ತು ಅಂದರು ಡಾಕ್ಟರು ಎಂದು ಒಂದೇ ಉಸಿರಿನಲ್ಲಿ ಹೇಳಿದಳು.

ಮೇಜಿನ ಹೆಂಗಸು ಇನ್ನೂ ಪೆನ್ನು ಹಿಡಿದು ಕಾಯುತ್ತಿದ್ದಳು. ಆರ್ವಿಲ್ಲಾ ಅವಳನ್ನೊಮ್ಮೆ ನೋಡಿದಳು, ಡೆಲ್ಫಾಳನ್ನೊಮ್ಮೆ ನೋಡಿದಳು. ಅರವತ್ತೆಂಟು ವರ್ಷ ಬದುಕಿದವಳಿಗೆ ಹೆಚ್ಚು ಹೇಳಬೇಕಾಗಿರಲಿಲ್ಲ. ಡೆಲ್ಫಾಳ ಮಡಿಲಿನಿಂದ ತನ್ನ ಕೈಚೀಲ ತೆಗೆದುಕೊಂಡಳು. ಆಮೇಲೆ ಡೆಲ್ಫಾಳ ಭುಜದಿಂದ ಅವಳ ಚೀಲವನ್ನೂ ಬಿಡಿಸಿಕೊಂಡು, ಅವಳನ್ನು ಎಬ್ಬಿಸಿ, ಅದೇ ಪ್ಲಾಸ್ಟಿಕ್ ಕುರ್ಚಿಯಲ್ಲಿ ಎರಡನ್ನೂ ಮಡಿಲಲ್ಲಿಟ್ಟುಕೊಂಡು ಕೂತಳು.

“ಹೋಗು ಮಗಳೇ,” ಎಂದಳು. “ನಾನು ಇಲ್ಲೇ ಇರ್ತೀನಿ.”