ಟ್ವಿಚೆಲ್ ಮೇಡಂ ಬೆನ್ನು ಹತ್ತಿದ ಗ್ರಾಸಿಯಾನಾ

ನೆವಾಡಾದ ನಮ್ಮ ಮೂಲೆಯಲ್ಲಿ ಗ್ರಾಸಿಯಾನಾ ಇರಿಗೊಯೆನ್ ಅಂದರೆ ಎರಡು ಕಾಲಿನವರಿಗೆಲ್ಲ ಅಚ್ಚುಮೆಚ್ಚು, ನಾಲ್ಕು ಕಾಲಿನವರಿಗೆ ಮಾತ್ರ ಕಂಡರಾಗದು. ಮೂವತ್ತೊಂದು ವರ್ಷ ಸ್ಕೂಲ್ ಬಸ್ ಓಡಿಸಿದ ಹೆಂಗಸು. ನಿವೃತ್ತಿಯಾದ ಮೇಲೆ ಒಂದು ವಾರ ಸುಮ್ಮನೆ ಕೂತಳಂತೆ, ನನಗೆ ಅದೂ ಅನುಮಾನವೇ. ಎಂಟನೇ ದಿನಕ್ಕೆ ಹೆಗಲ ಮೇಲೆ ಕೋವಿ ಹಾಕಿಕೊಂಡು ಕಾಡುಕುದುರೆಗಳ ಹಿಂದೆ ಹೊರಟಿದ್ದಳು.

ಕೋವಿ ಅಂದೊಡನೆ ಗಾಬರಿಯಾಗಬೇಡಿ. ಅದರಿಂದ ಹಾರುವುದು ಗುಂಡಲ್ಲ, ಡಾರ್ಟು. ಬಾಣದ ತುದಿಗೆ ಸಿರಿಂಜು ಕಟ್ಟಿದ ಹಾಗೆ. ಹೆಣ್ಣುಕುದುರೆಯ ಪಿರ್ರೆಗೆ ವರ್ಷಕ್ಕೊಮ್ಮೆ ಅದನ್ನು ಚುಚ್ಚಿದರೆ ಆ ಸಲ ಅದು ಗಬ್ಬ ಕಟ್ಟುವುದಿಲ್ಲ, ಅಷ್ಟೇ. ಬೆಟ್ಟದ ಕೆಳಗಿನ ಸರ್ಕಾರಿ ಬಯಲಲ್ಲಿ ಕುದುರೆ ಹೆಚ್ಚುತ್ತವೆ, ಹುಲ್ಲು ನೀರು ಹೆಚ್ಚುವುದಿಲ್ಲ. ಮೊದಲೆಲ್ಲ ಲೆಕ್ಕ ಮೀರಿದಾಗ ಹೆಲಿಕಾಪ್ಟರ್ ಬಂದು ಅಟ್ಟಿಸಿಕೊಂಡು ಹೋಗುತ್ತಿತ್ತು. ಹಿಡಿದವನ್ನು ದೂರದ ದೊಡ್ಡಿಗಳಲ್ಲಿ ಕೂಡುತ್ತಿದ್ದರು. ಗ್ರಾಸಿಯಾನಾ ಅದನ್ನು ಒಂದೇ ಒಂದು ಸಲ ನೋಡಿದ್ದಳು. ಬೇಲಿಯ ಆ ಕಡೆ ತಾಯಿ, ಈ ಕಡೆ ಮರಿ, ಎರಡೂ ಕೂಗುತ್ತಿದ್ದವು. ಅವತ್ತು ಮನೆಗೆ ಬಂದು ಬಿಕ್ಕಿ ಬಿಕ್ಕಿ ಅತ್ತಿದ್ದಳು. ಆಮೇಲೆ ಮುಖ ತೊಳೆದು ಭೂಮಿ ಕಚೇರಿಗೆ ಹೋಗಿ, ಕುದುರೆಗಳ ಅಧಿಕಾರಿ ವೆಂಡೆಲ್ ಎದುರು ಕುರ್ಚಿ ಎಳೆದುಕೊಂಡು ಕೂತು, ಡಾರ್ಟು ಹಾಕುವ ಕೆಲಸ ನನಗೆ ಬಿಡು ಅಂದಳು.

ವೆಂಡೆಲ್ ಒಳ್ಳೆಯವನೇ, ಆದರೆ ಕಾಗದದ ಮನುಷ್ಯ. ನಾಲ್ಕು ವರ್ಷ ಅವಳ ಕೆಲಸಕ್ಕೆ ಅಡ್ಡಿ ಮಾಡಲಿಲ್ಲ. ಐದನೇ ವರ್ಷ ಕುದುರೆಗಳ ಸಂಖ್ಯೆ ಮಿತಿಯ ಅಂಚಿಗೆ ಬಂದು ನಿಂತಾಗ ಖಡಾಖಂಡಿತವಾಗಿ ಹೇಳಿದ: "ನೋಡಿ ಮೇಡಂ, ಪಟ್ಟಿಯಲ್ಲಿ ಮೂವತ್ತಾರು ಹೆಣ್ಣುಕುದುರೆ ಇವೆ. ಮಾರ್ಚ್ ಮೂವತ್ತೊಂದರೊಳಗೆ ಮೂವತ್ತಾರಕ್ಕೂ ಆಗಿರಬೇಕು. ಖಾಲಿ ಡಾರ್ಟು ನನ್ನ ಮೇಜಿನ ಮೇಲೆ ಬೀಳಬೇಕು. ಒಂದು ಕಮ್ಮಿಯಾದ್ರೂ ಜುಲೈನಲ್ಲಿ ಹೆಲಿಕಾಪ್ಟರ್‌ಗೆ ನಾನು ಸಹಿ ಹಾಕ್ಲೇಬೇಕಾಗುತ್ತೆ."

"ಹಾಕೋಕೆ ನಿನಗೆ ಪೆನ್ನೇ ಸಿಗಬಾರದು, ಹಂಗೆ ಮಾಡ್ತೀನಿ," ಅಂದು ಎದ್ದು ಬಂದಳು.

ಬಾಯಲ್ಲಿ ಹೇಳುವುದು ಸುಲಭ. ಕುದುರೆಗಳೇನು ಪೆದ್ದುಗಳೇ? ನಾಲ್ಕು ವರ್ಷದಲ್ಲಿ ಅವಕ್ಕೆ ಗ್ರಾಸಿಯಾನಾಳ ಜಾತಕವೆಲ್ಲ ಗೊತ್ತಾಗಿಬಿಟ್ಟಿತ್ತು. ಅವಳ ಹಸಿರು ಟೋಪಿ ಕಂಡರೆ ಓಟ. ಅವಳ ಜೀಪಿನ ಸದ್ದು ಕೇಳಿದರೆ ಓಟ. ಟೋಪಿ ಬದಲಾಯಿಸಿದಳು, ಪಕ್ಕದ ಮನೆಯವಳ ಕೋಟು ತೊಟ್ಟಳು, ಪೋಸ್ಟ್‌ಮಾಸ್ಟರ್ ಕಾರು ಕಡ ತಂದಳು. ಆದರೆ ಎಡ ಮಂಡಿ ನೋವಿನ ಆ ಕುಂಟು ನಡಿಗೆಯನ್ನು ಎಲ್ಲಿ ಬಚ್ಚಿಡುವುದು? ಡಾರ್ಟು ನೆಟ್ಟಗೆ ತಾಗಬೇಕಾದರೆ ಇಪ್ಪತ್ತು ಮಾರು ಹತ್ತಿರ ಹೋಗಬೇಕು. ಇಷ್ಟಾದರೂ ಬಂಡೆ ಮರೆಯಲ್ಲಿ ಕೂತು, ಪೊದೆಯಲ್ಲಿ ತೆವಳಿ, ಮಾರ್ಚ್ ಇಪ್ಪತ್ತೆಂಟರ ಹೊತ್ತಿಗೆ ಮೂವತ್ತೈದು ಮುಗಿಸಿದಳು. ಅರವತ್ತಾರು ವಯಸ್ಸಿನವಳು, ಅದನ್ನೂ ನೆನಪಿಡಿ.

ಉಳಿದದ್ದು ಒಂದೇ, ಟ್ವಿಚೆಲ್ ಮೇಡಂ.

ಕುದುರೆಗಳಿಗೆಲ್ಲ ಗ್ರಾಸಿಯಾನಾ ತಾನು ಬಸ್ ಓಡಿಸಿದ ಸ್ಕೂಲಿನ ಟೀಚರುಗಳ ಹೆಸರಿಟ್ಟಿದ್ದಳು. ನಿಜವಾದ ಟ್ವಿಚೆಲ್ ಮೇಡಂ ಗಣಿತದವರು. ಬಸ್ಸು ಎರಡು ನಿಮಿಷ ತಡವಾದರೆ ಗೇಟಿನಲ್ಲಿ ನಿಂತು ಕತ್ತು ಎತ್ತಿ ನೋಡುತ್ತಿದ್ದರು, ಮಾತಿಲ್ಲ ಕತೆಯಿಲ್ಲ. ಈ ಬೂದು ಕುದುರೆಯದೂ ಅದೇ ನೋಟ. ದಿಬ್ಬದ ಮೇಲೆ ನಿಂತು, ಗ್ರಾಸಿಯಾನಾ ಅರ್ಧ ಮೈಲಿ ತೆವಳಿ ಬರುವವರೆಗೂ ನೋಡುತ್ತಿದ್ದು, ಇನ್ನೇನು ಕೋವಿ ಎತ್ತಬೇಕು ಅನ್ನುವಾಗ ಇಡೀ ಗುಂಪನ್ನು ಕರೆದುಕೊಂಡು ಹೊರಟುಬಿಡುತ್ತಿತ್ತು. ಜಪ್ಪಯ್ಯ ಅಂದರೂ ಹತ್ತಿರ ಸೇರಿಸಲಿಲ್ಲ.

ಭಾನುವಾರ ತಮ್ಮ ಬಟಿಸ್ಟಾ ಊಟಕ್ಕೆ ಬಂದ. ಅದೇ ಸರ್ಕಾರಿ ಬಯಲಲ್ಲಿ ಪರವಾನಗಿ ಪಡೆದು ದನ ಮೇಯಿಸುವವನು. ನಲವತ್ತು ವರ್ಷದಿಂದ ಕುದುರೆಗಳಿಗೆ ಶಾಪ ಹಾಕದೆ ತುತ್ತು ಎತ್ತಿದವನಲ್ಲ.

"ಮುಖ ಯಾಕಕ್ಕ ಹಿಂಗೆ ಊದ್ಕೊಂಡಿದೆ? ಮೇಡಂ ಇನ್ನೂ ಫೇಲ್ ಮಾಡ್ತಾನೇ ಇದಾರಾ?"

"ಬೀನ್ಸ್ ತಿನ್ನೋ ಸುಮ್ನೆ."

"ಅಲ್ಲ, ಅಷ್ಟೊಂದು ಹೆದರೋ ಪ್ರಾಣಿ ಅಲ್ವಲ್ಲ ಅದು. ನಾನು ದನಕ್ಕೆ ಉಪ್ಪಿನ ಗಡ್ಡೆ ಹಾಕೋಕೆ ಹೋದ್ರೆ ಪಿಕಪ್ ಪಕ್ಕಕ್ಕೇ ಬಂದು ನಿಲ್ತಾಳೆ."

ಕುರಿಮಾಂಸದ ಪಾತ್ರೆ ಹಿಡಿದಿದ್ದ ಗ್ರಾಸಿಯಾನಾಳ ಕೈ ಅಲ್ಲೇ ನಿಂತಿತು. ಬಟಿಸ್ಟಾನಿಗೆ ಬಾಯಿ ಜಾರಿದ್ದು ಗೊತ್ತಾಯಿತು. ಕಾಲ ಮಿಂಚಿತ್ತು.

"ನಿಲ್ತಾಳೆ? ಎಷ್ಟು ದಿವಸದಿಂದಲೋ?"

"ಏನೋ… ಮೂರ್ನಾಲ್ಕು ವರ್ಷ ಇರಬಹುದು."

"ಅಕ್ಕ ಹೊಟ್ಟೆ ಮೇಲೆ ತೆವಳಿ ತೆವಳಿ ಸಾಯ್ತಿದ್ದರೆ ನೀನು ಉಪ್ಪು ಹಾಕ್ಕೊಂಡು ಕೂತಿದ್ದೀಯ. ನಾಡಿದ್ದು ನನ್ನನ್ನ ನಿನ್ನ ಪಿಕಪ್ಪಲ್ಲಿ ಕರ್ಕೊಂಡು ಹೋಗ್ತೀಯ."

"ನಾನ್ಯಾಕೆ? ಹೆಲಿಕಾಪ್ಟರ್ ಬಂದ್ರೆ ನನ್ನ ದನಕ್ಕೆ ಒಳ್ಳೇದೇ ಅಲ್ವಾ?"

ಅವಳು ಕತ್ತು ಎತ್ತಿ ಅವನನ್ನೇ ನೋಡಿದಳು. ಅವನು ಮತ್ತೆರಡು ತುಂಡು ಬ್ರೆಡ್ಡು ತಿಂದ, ನೀರು ಕುಡಿದ. ಕೊನೆಗೆ "ಎಷ್ಟು ಗಂಟೆಗೆ?" ಅಂದ.

ಮೂವತ್ತೊಂದನೇ ತಾರೀಕು ಬೆಳಿಗ್ಗೆ ಗ್ರಾಸಿಯಾನಾ ಪಿಕಪ್ಪಿನ ಹಿಂದೆ ಉಪ್ಪಿನ ಗಡ್ಡೆಗಳ ನಡುವೆ ಅಂಗಾತ ಮಲಗಿ ಟಾರ್ಪಾಲು ಹೊದ್ದುಕೊಂಡಳು. ಗುಂಡಿ ಬಂದಾಗಲೆಲ್ಲ ಒಂದು ಗಡ್ಡೆ ಸರಿಯಾಗಿ ನೋವಿನ ಮಂಡಿಗೇ ಬಡಿಯುತ್ತಿತ್ತು. ಅವಳು ಬೈದಿದ್ದೆಲ್ಲ ಅವರ ಮನೆಮಾತು ಬಾಸ್ಕ್ ಭಾಷೆಯಲ್ಲಿ, ಅದನ್ನು ನಾನಿಲ್ಲಿ ಹೇಳುವ ಹಾಗಿಲ್ಲ. ಗಾಡಿ ನಿಂತಿತು. ಬಟಿಸ್ಟಾ ಇಳಿದ. ಸ್ವಲ್ಪ ಹೊತ್ತು ಗಾಳಿ ಬಿಟ್ಟರೆ ಬೇರೆ ಸದ್ದಿಲ್ಲ. ಆಮೇಲೆ ಟಾರ್ಪಾಲಿನ ಹೊರಗಿನಿಂದ ಒಂದು ದನಿ ಕೇಳಿಸಿತು, ಅವಳು ಹುಟ್ಟಿದಾಗಿನಿಂದ ಕೇಳದಿದ್ದ ದನಿ.

"ಬಂದ್ಯಾ ನನ್ನ ರಾಣಿ? ಬಾ ಬಾ. ಚಳಿಗಾಲ ಕಳೀತು ನೋಡು. ಎಷ್ಟು ಬಡವಾಗಿದೀಯ… ಬಾ, ನೆಕ್ಕು."

ತನ್ನ ತಮ್ಮ! ನಲವತ್ತು ವರ್ಷ ಶಾಪ ಹಾಕಿದ ಮಹಾನುಭಾವ! ಗ್ರಾಸಿಯಾನಾ ನಗು ತಡೆಯಲಾಗದೆ ತೋಳು ಕಚ್ಚಿಕೊಂಡಳು. ಮಗ್ಗುಲಿಗೆ ಹೊರಳಿ ಟಾರ್ಪಾಲಿನ ಸಂದಿಯಲ್ಲಿ ಕೋವಿ ತೂರಿಸಿದಳು. ಹತ್ತು ಮಾರು ದೂರದಲ್ಲಿ ಬೂದು ಪಿರ್ರೆ, ಅಡ್ಡಕ್ಕೆ ಒಂದು ಹಳೆಯ ಗಾಯದ ಗೆರೆ. ಟ್ವಿಚೆಲ್ ಮೇಡಂ ಕಣ್ಣು ಮುಚ್ಚಿ ಉಪ್ಪು ನೆಕ್ಕುತ್ತಿದ್ದಳು. ಗ್ರಾಸಿಯಾನಾ ಉಸಿರು ಹಿಡಿದು ಟ್ರಿಗರ್ ಒತ್ತಿದಳು.

ತಾಗಿತು. ಕುದುರೆ ಒಂದು ಸಲ ತಿರುಗಿ ಟಾರ್ಪಾಲು ನೋಡಿತು, ಆಮೇಲೆ ಬಟಿಸ್ಟಾನನ್ನು ನೋಡಿತು. ಮರುಗಳಿಗೆ ಗುಂಪೆಲ್ಲ ಧೂಳು.

ಓಡುವಾಗ ಡಾರ್ಟು ಎಲ್ಲೋ ಉದುರಿತು. ಇನ್ನು ಅದನ್ನು ಹುಡುಕಬೇಕು. ಬೆರಳುದ್ದದ ವಸ್ತು, ಮೈಲಿಗಟ್ಟಲೆ ಸೇಜ್ ಪೊದೆ, ಕಚೇರಿ ಮುಚ್ಚುವುದು ನಾಲ್ಕೂವರೆಗೆ. ಅಕ್ಕ ಗೊರಸಿನ ಗುರುತು ಹಿಡಿದು ಹೊರಟಳು, ತಮ್ಮ ಮಂಡಿಯೂರಿ ಒಂದೊಂದೇ ಪೊದೆ ಬಿಡಿಸಿದ. ಹನ್ನೆರಡಾಯಿತು, ಒಂದಾಯಿತು, ಎರಡಾಯಿತು. ಗ್ರಾಸಿಯಾನಾ ಕಲ್ಲಿನ ಮೇಲೆ ಕುಸಿದು ಕೂತು, "ಆಗೋಲ್ಲ ಕಣೋ, ಮುಗೀತು," ಅಂದಳು. ಕಣ್ಣಲ್ಲಿ ನೀರು.

"ಅಳಬೇಡ, ಇಲ್ಲಿದೆ," ಅಂದ ಬಟಿಸ್ಟಾ ಇಲಿಯ ಬಿಲವೊಂದರಲ್ಲಿ ಮೊಣಕೈವರೆಗೂ ಕೈ ಹಾಕಿಕೊಂಡು.

ನಾಲ್ಕೂ ಇಪ್ಪತ್ತಕ್ಕೆ ಡಾರ್ಟು ವೆಂಡೆಲ್ ಮೇಜಿನ ಮೇಲೆ ಬಿತ್ತು. ಅವನು ಅದನ್ನು ತಿರುಗಿಸಿ ನೋಡಿ, ಖಾಲಿಯಾಗಿದೆ ಅಂದು, ಮೂವತ್ತಾರನೇ ಸಾಲಿಗೆ ಗುರುತು ಹಾಕಿದ. ಹೆಲಿಕಾಪ್ಟರಿನ ಕಾಗದ ತೆಗೆದು ಹರಿದೇಬಿಟ್ಟ. ಕಾಗದದ ಮನುಷ್ಯ ಕಾಗದ ಹರಿದದ್ದನ್ನು ಊರಲ್ಲಿ ಈಗಲೂ ಹೇಳಿಕೊಂಡು ನಗುತ್ತಾರೆ.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಮುಂದಿನ ಭಾನುವಾರ ಬಟಿಸ್ಟಾ ಊಟಕ್ಕೆ ಬಂದವನು ತಟ್ಟೆ ಮುಟ್ಟಲಿಲ್ಲ.

"ಏನೋ ಆಯ್ತು?"

"ಉಪ್ಪು ಹಾಕೋಕೆ ಹೋಗಿದ್ದೆ." ಅವನು ಟೋಪಿಯನ್ನು ಮಂಡಿಯ ಮೇಲೆ ತಿರುಗಿಸುತ್ತಿದ್ದ. "ಪಿಕಪ್ ಕಂಡ ಕೂಡ್ಲೆ ಓಡಿಹೋದ್ಲು ಅಕ್ಕ. ಕರೆದೆ. ಹಿಂದಕ್ಕೂ ತಿರುಗಲಿಲ್ಲ."

ಬೇರೆ ದಿನವಾಗಿದ್ದರೆ ಗ್ರಾಸಿಯಾನಾ ಆ "ನನ್ನ ರಾಣಿ"ಯನ್ನು ಎತ್ತಿ ಆಡಿ ಅವನ ಮಾನ ಕಳೆಯುತ್ತಿದ್ದಳು. ಅವತ್ತು ಅವನ ಪಕ್ಕದಲ್ಲಿ ಕೂತಳು.

"ನನ್ನ ಕಂಡು ಐದು ವರ್ಷದಿಂದ ಓಡ್ತಾ ಇವೆ ಕಣೋ. ಮೊದಮೊದಲು ನನಗೂ ನಿದ್ದೆ ಬರ್ತಿರಲಿಲ್ಲ. ಆಮೇಲೆ ಅನ್ಕೊಂಡೆ, ಓಡ್ಲಿ. ಓಡೋಕೆ ಅವಕ್ಕೆ ಬಯಲಾದ್ರೂ ಇದೆಯಲ್ಲ."

ಬಟಿಸ್ಟಾ ಟೋಪಿಯನ್ನು ಪಕ್ಕಕ್ಕಿಟ್ಟ. ಆಮೇಲೆ ಬ್ರೆಡ್ಡು ಮುರಿದು ಸಾರಿಗೆ ಅದ್ದಿದ.

"ಹಂಗಾದ್ರೆ ಮುಂದಿನ ಮಾರ್ಚ್‌ಗೆ ಬೇರೆ ಗಾಡಿ ನೋಡ್ಬೇಕು ಅಕ್ಕ," ಅಂದ. "ಅವಳಿಗೆ ಈಗ ನಮ್ಮಿಬ್ಬರದ್ದೂ ಗೊತ್ತು."