ಕೇಸರಿ ದೀಪದ ಲೈನು

ಮೋತಿಲಾಲನಿಗೆ ಮಲಗಿದವರನ್ನು ಕಂಡರೆ ಆಗುತ್ತಿರಲಿಲ್ಲ. ಮುಂಡಗೋಡದ ಹತ್ತಿರದ ಲಂಬಾಣಿ ತಾಂಡಾದಲ್ಲಿ ಹುಟ್ಟಿ, ನಾಲ್ಕನೇ ಇಯತ್ತೆಗೆ ಪಾಟಿ ಬಿಟ್ಟು, ಹಳಿಯಾಳದ ಕಡೆ ಕಬ್ಬು ಕಡಿದು, ಕೊನೆಗೆ ದಾಂಡೇಲಿಯಲ್ಲಿ ಕೇಬಲ್ ಎಳೆಯುವ ಕೆಲಸಕ್ಕೆ ನಿಂತವನು. ಮಧ್ಯಾಹ್ನ ರೊಟ್ಟಿ ತಿಂದು ಯಾವ ಆಳಾದರೂ ಗಿಡದ ಬುಡಕ್ಕೆ ಒರಗಿದರೆ ಮುಖಕ್ಕೆ ತಂಬಿಗೆ ನೀರು ಎರಚುವನು. "ಏಳೋ! ಸತ್ತ ಮ್ಯಾಲೆ ಮಲಗೂದು ಇದ್ದ ಐತಿ!"

ಅಂಥವನ ಬಾಳಿನ ದೊಡ್ಡ ಕೆಲಸವೇ ಮಲಗಿಬಿಟ್ಟಿತು.

ಹೊಳೆಯ ಎರಡೂ ದಂಡೆಗೆ ಒಂದೊಂದು ಕಟ್ಟಡವಿದ್ದ ಖಾಸಗಿ ಆಸ್ಪತ್ರೆ ಅದು. ಆಚೆ ತೆಗೆದ ಎಕ್ಸ್‌ರೇ ಚಿತ್ರವನ್ನು ಈಚೆ ಕೂತ ಡಾಕ್ಟರು ನೋಡಬೇಕು. ಸೇತುವೆಯ ಮೇಲಿನ ನೆಟ್ಟಗಿನ ಲೈನು ಮೊದಲೇ ಇತ್ತು. ಅದು ಹರಿದರೆ ಬೇಕಾದೀತು ಎಂದು ಸಾಗವಾನಿ ತೋಪನ್ನು ಸುತ್ತಿಸಿ, ಹೊಳೆಯ ಮೇಲ್ಭಾಗದ ಹಳೇ ಕಾಲುಸೇತುವೆ ದಾಟಿಸಿ ಇನ್ನೊಂದನ್ನು ಎಳೆಸಿದರು. ನಾಲ್ಕೂವರೆ ಕಿಲೋಮೀಟರು. ಮೋತಿಲಾಲ, ಅವನ ಹೆಂಡತಿ ಕಾಳಿಬಾಯಿ ಆಳುಗಳ ಜೊತೆ ನಲವತ್ತು ದಿನ ನೆಲ ತೋಡಿದರು. ಕಲ್ಲು ಬಂದಲ್ಲಿ ಬಳಸಿದರು, ಬೇರು ಬಂದಲ್ಲಿ ಬಾಗಿದರು.

ಕೇಬಲ್ಲು ಹೋಗಿ ಸ್ವಿಚ್ಚಿನ ಪೆಟ್ಟಿಗೆ ಸೇರಿತು. ಸೇತುವೆಯ ಲೈನಿಗೆ ಹಸಿರು ದೀಪ ಪಟಪಟ ಮಿನುಗುತ್ತಿತ್ತು. ಅವನದಕ್ಕೆ ಕೇಸರಿ ದೀಪ, ಕಣ್ಣು ಮುಚ್ಚದ, ಅಲುಗದ ದೀಪ.

"ಇದ್ಯಾಕ್ರೀ ಬಾಯಾರ, ಕೆಲಸಾ ಮಾಡವಲ್ದು?"

ಕಂಪ್ಯೂಟರು ನೋಡಿಕೊಳ್ಳುವ ಪೂರ್ಣಿಮಾ ನಕ್ಕಳು. "ಕಾಕಾ, ಅದು ಕಾಯಾಕತ್ತೈತಿ. ಎರಡೂ ದಾರಿ ಒಮ್ಮೆಲೇ ತೆಗದ್ರ ಹ್ವಾದ ಸುದ್ದಿ ಸುತ್ತಿ ಬಂದು ಮತ್ತ ಹೋಗ್ತೈತಿ. ಗಿರಗಿರ ತಿರುಗಿ ತಿರುಗಿ ಬ್ಯಾರೆ ಮಾತಿಗೆ ಜಾಗಾನ ಉಳಿಯೂದಿಲ್ಲ. ಅದಕ್ಕ ಸ್ವಿಚ್ಚು ತಾನ ಒಂದನ್ನ ಮಲಗಿಸಿರ್ತೈತಿ. ಆದ್ರೂ ಅದರಾಗ ಉಸಿರು ಐತಿ. ಎರಡು ಸೆಕೆಂಡಿಗೊಮ್ಮೆ ಆಚೆ ಪೆಟ್ಟಿಗಿ 'ಅದೀನಿ' ಅಂತೈತಿ, ಈಚೆ ಪೆಟ್ಟಿಗಿ ಕೇಳ್ತೈತಿ."

"ಸೋಮಾರಿ ಸೂಳೇಮಗಂದು," ಎಂದು ಬೈದು ಮೋತಿಲಾಲ ಹೊರಬಿದ್ದ. ಆಮೇಲೆ ಬಂದಾಗೆಲ್ಲ ಆ ದೀಪ ನೋಡುವನು, ಅದನ್ನೇ ಬೈಯುವನು.

ಆರು ತಿಂಗಳಾದ ಮೇಲೆ ಮ್ಯಾನೇಜರ್ ಕಿರಣಕುಮಾರ ಕರೆಸಿದ. "ಆ ಕಾಡಿನ ಲೈನು ಇಲ್ಲೀತನಕ ಒಂದ ಚಿತ್ರಾನೂ ಒಯ್ದಿಲ್ಲ. ಕಿತ್ತು ಹೊಸ ಗೋದಾಮಿಗೆ ಎಳೀ."

ಮೋತಿಲಾಲನ ಕಿವಿ ಕೆಂಪಾದವು. "ಸಾಹೇಬ್ರ, ನಲವತ್ತು ದಿನದ..."

"ಸೋಮಾರಿ ಐತಿ ಅಂತ ನೀನ ದಿನಾ ಬೈತಿದ್ದೆಲ್ಲೋ?"

ಆಡಿದ್ದು ತನ್ನದೇ ಮಾತು.

ಮನೆಯಲ್ಲಿ ಕಾಳಿಬಾಯಿ ಲಂಬಾಣಿ ಮಾತಿನಲ್ಲೇ ಉಗಿದಳು. ಕನ್ನಡಕ್ಕೆ ತಂದರೆ ಅರ್ಧ ಖಾರ ಇಳಿಯುತ್ತದೆ. "ನನ್ನ ಉಗುರು ಕಿತ್ತದ್ದು ಅದ ಗುಂಡಿಯೊಳಗ. ನೀನ ಹೋಗು, ನಾ ಬರೂದಿಲ್ಲ."

ಮರುದಿನ ಒಬ್ಬನೇ ಕಟರ್ ಹಿಡಿದು ತೋಪಿಗೆ ಹೋದ. ಸಾಗವಾನಿ ಎಲೆಗಳ ನಡುವಿನಿಂದ ಬಿಸಿಲು ಸೋರಿ ನೆಲದ ಮೇಲೆ ಈಜುತ್ತಿತ್ತು. ಗುಂಡಿಯ ಮುಚ್ಚಳ ತೆಗೆದ. ಕರಿ ಕೇಬಲ್ಲು ತಣ್ಣಗೆ ಬಿದ್ದುಕೊಂಡಿತ್ತು. ಕಟರ್‌ನ ಬಾಯಿ ತೆರೆದು ಅದಕ್ಕೆ ಹಚ್ಚಿದವನು, ಯಾಕೋ, ಇನ್ನೊಂದು ಅಂಗೈಯನ್ನು ಅದರ ಮೇಲಿಟ್ಟ. ಎರಡು ಸೆಕೆಂಡಿಗೊಮ್ಮೆ, ಅಂದಿದ್ದಳಲ್ಲ ಪೂರ್ಣಿಮಾ. ಎಣಿಸಿದ. ಅದೀನಿ. ಅದೀನಿ. ಅದೀನಿ. ಎಲ್ಲೋ ಹಕ್ಕಿ ಕೂಗಿತು. ಎಣಿಕೆ ತಪ್ಪಿತು. ಬೆನ್ನು ಗಿಡಕ್ಕೆ ತಾಗಿತು.

ಕನಸಿನಲ್ಲಿ ಎತ್ತುಗಳು ಸಾಲಾಗಿ ನಡೆದಿದ್ದವು, ತಾಂಡಾದ ಹಿಂದಿನವರು ಉಪ್ಪು ಹೇರಿಕೊಂಡು ಹೋಗುತ್ತಿದ್ದಂತೆ. ಗೋಣಿಗಳಲ್ಲಿ ಉಪ್ಪಿರಲಿಲ್ಲ, ಬೆಳ್ಳಗೆ ಹೊಳೆಯುವ ಎಲುಬಿನ ಚಿತ್ರಗಳಿದ್ದವು. ಕಟ್ಟಕಡೆಯಲ್ಲೊಂದು ಎತ್ತು, ಬೆನ್ನ ಮೇಲೆ ಏನೂ ಇಲ್ಲ, ಗಂಟೆ ಅಲುಗಿಸುತ್ತ ಬರುತ್ತಿತ್ತು. ಅವನು ಕೋಲೆತ್ತಿದ. ಸತ್ತುಹೋದ ಅಜ್ಜಿ ಕೈ ಹಿಡಿದಳು. "ಬಡೀಬ್ಯಾಡ. ಮುಂದಿಂದು ಯಾವದರ ಕುಂಟಿದ್ರ ಅಂತ ಅದನ್ನ ಕರಕೊಂಡ ಬಂದದ್ದು." ಗಂಟೆ ಸದ್ದು ಜೋರಾಯಿತು.

ಫೋನು. ನೆರಳು ಆಚೆ ಬದಿಗೆ ಹೊರಳಿತ್ತು. ಕಟರ್ ತೊಡೆಯ ಮೇಲಿತ್ತು.

"ಕಾಕಾ, ಕತ್ತರಿಸಿದ್ರೇನು?" ಪೂರ್ಣಿಮಾ ಏದುಸಿರು ಬಿಡುತ್ತಿದ್ದಳು.

"ಇಲ್ಲವಾ..."

"ಪುಣ್ಯಾ ಬಂತು! ಸೇತುವಿ ಹತ್ರ ಜೆಸಿಬಿ ಗಟಾರ ತೋಡಿ ಆ ಲೈನ್ ಹರದೈತಿ. ನಿಮ್ಮ ದೀಪ ಹಸಿರಾಗೇತಿ. ಡಾಕ್ಟರು ಒಂದು ಕೂಸಿನ ಕೈ ಚಿತ್ರಾ ನೋಡಾಕತ್ತಿದ್ರು, ಅವ್ರಿಗೆ ಗೊತ್ತಽ ಆಗಿಲ್ಲ. ಕಿರಣ ಸಾಹೇಬ್ರು ಮುಟ್ಟಬ್ಯಾಡ ಅಂದಾರ. ಇಷ್ಟೊತ್ತು ಏನ್ ಮಾಡಾಕತ್ತಿದ್ರಿ?"

ಮೋತಿಲಾಲ ಮುಖ ಒರೆಸಿಕೊಂಡ. ಸುಳ್ಳು ಹೇಳಲು ಸಿಟ್ಟು ಬೇಕಿತ್ತು, ಸಿಟ್ಟೇ ಬರಲಿಲ್ಲ.

"ಮಲಗಿದ್ದೆ," ಅಂದ.

ಸೇತುವೆಯ ಲೈನು ಮೂರನೆಯ ದಿನ ಸರಿಹೋಯಿತು. ಅವನು ನೋಡುತ್ತ ನಿಂತಿದ್ದಾಗಲೇ ಅವನ ದೀಪ ಮತ್ತೆ ಕೇಸರಿಗೆ ತಿರುಗಿತು. ಹಿಂದೆ ಕಿರಣಕುಮಾರ ಯಾರಿಗೋ ಫೋನಿನಲ್ಲಿ ಕೂಗಾಡುತ್ತಿದ್ದ. ಮೋತಿಲಾಲ ತಿರುಗಿ, ತುಟಿಗೆ ಬೆರಳಿಟ್ಟು, "ಸಾವಕಾಶ ಮಾತಾಡ್ರಿ ಸಾಹೇಬ್ರ," ಅಂದ.